ಗೆರೆಯಾಚೆಯ ಚೆಂಡು

ಕಾಲು ಎಡಕ್ಕೆ ತಿರುಗಿಬಿಟ್ಟಿತು, ತಿರುಗಬೇಕಾಗಿದ್ದದ್ದು ಬಲಕ್ಕೆ. ಹೆಗಲಿಗೆ ಚೀಲ ಏರಿಸಿಕೊಂಡ ಹೊಸ ತಂಡದ ಹುಡುಗಿಯರು, ಈ ಹಾಲ್‌ನ ಮೂಲೆಮೂಲೆಯೂ ಇವಳಿಗೆ ಗೊತ್ತು ಎಂಬ ನಂಬಿಕೆಯಲ್ಲಿ ಹರಟಿಕೊಂಡು ಹಿಂದೆಯೇ ಬರುತ್ತಿದ್ದರು. ಅವಳು ಅಷ್ಟೂ ಜನವನ್ನು ಕಟ್ಟಿಕೊಂಡು ಹೋಗಿ, ತಟ್ಟದೆ ಕೇಳದೆ, ಎದುರಾಳಿಗಳ ಕೋಣೆಯ ಬಾಗಿಲನ್ನು ಮೊಣಕೈಯಿಂದ ನೂಕಿದಳು. ಆ ಬಾಗಿಲು ಹಿಡಿದುಕೊಳ್ಳುತ್ತದೆ, ಸ್ವಲ್ಪ ಮೇಲಕ್ಕೆತ್ತಿ ನೂಕಬೇಕು, ಎತ್ತಿಯೇ ನೂಕಿದಳು. ಒಳಗಿದ್ದವರೆಲ್ಲ ಬಾಗಿಲತ್ತ ತಿರುಗಿದರು. ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದವಳು ಎಡಚಿ. ಎಡಗೈಯಿಂದ ಹೊಡೆಯುವುದಕ್ಕೆ ಬಿದ್ದ ಹೆಸರು ಅದು. ಹೋದ ವರ್ಷದ ತನಕ ತಂಡದ ಬಸ್ಸಿನಲ್ಲಿ ಇವಳ ಭುಜಕ್ಕೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದವಳು. ನಗಬೇಕೋ ಬೇಡವೋ ತಿಳಿಯದೆ, "ಗೋಲಿ, ನಿಮ್ಮದು ಆ ಕಡೆ ಕಣೇ" ಎಂದಳು. ನಿಮ್ಮದು! ಹಿಂದಿನಿಂದ ಹೊಸ ತಂಡದ ಕ್ಯಾಪ್ಟನ್, ಏಣಿಯಂತೆ ಉದ್ದವಿದ್ದ ಹುಡುಗಿ, "ಅಕ್ಕಂಗೆ ತೌರುಮನೆ ನೆನಪಾಯ್ತೇನೋ" ಎಂದಳು. ಎಲ್ಲರೂ ನಕ್ಕರು. ಗೋಲಿಯೂ ನಕ್ಕಳು. ನಗದೆ ಇದ್ದರೆ ಅದಕ್ಕೂ ಒಂದು ಅರ್ಥ ಹಚ್ಚುತ್ತಾರೆ.

ಅತಿಥಿ ತಂಡದ ಕೋಣೆಯಲ್ಲಿ ಬೆಂಚುಗಳು ಗೋಡೆಗೆ ಒರಗಿ ನಿಂತಿದ್ದವು, ಫ್ಯಾನು ತಿರುಗುವುದಕ್ಕಿಂತ ಹೆಚ್ಚು ನರಳುತ್ತಿತ್ತು. ಇಷ್ಟು ವರ್ಷ ಈ ಕೋಣೆಯೊಳಗೆ ಕಾಲಿಟ್ಟವಳೇ ಅಲ್ಲ. ಗೋಡೆಯ ಆ ಬದಿಯಿಂದ ಈ ಫ್ಯಾನಿನ ನರಳಾಟ ಕೇಳಿ, "ಪಾಪ, ಬೇಯ್ತಾ ಇದಾರೆ" ಎಂದು ನಗುತ್ತಿದ್ದವಳು. ಈಗ ಬೇಯುವ ಸರದಿ ತನ್ನದು. ಅಂಗಿ ಬದಲಿಸಿದಳು. ತಂಡಕ್ಕೆಲ್ಲ ನೀಲಿ, ಅವಳೊಬ್ಬಳಿಗೆ ಹಳದಿ; ವಾಲಿಬಾಲಿನಲ್ಲಿ ಲಿಬೆರೊಗೆ ಬೇರೆ ಬಣ್ಣ. ನೆಟ್ಟಿನ ಹತ್ತಿರ ಹಾರಿ ಹೊಡೆಯುವ ಹಾಗಿಲ್ಲ, ಸರ್ವ್ ಮಾಡಿ ಮೆರೆಯುವ ಹಾಗಿಲ್ಲ. ಹಿಂದೆ ನಿಂತು, ಎದುರಿನವರು ಬಡಿದದ್ದನ್ನು ನೆಲ ಮುಟ್ಟದಂತೆ ಎತ್ತಿಕೊಡುವುದು, ಹೊರಗೆ ಹೋಗುವುದನ್ನು ಕೈ ಹಾಕದೆ ಹೋಗಗೊಡುವುದು. ಎರಡನೆಯದೇ ಕಷ್ಟದ ಕೆಲಸವೆಂದು ನೋಡುವವರಿಗೆ ಗೊತ್ತಿರುವುದಿಲ್ಲ. ಬಿದ್ದು ಹೊರಳಿ ಎತ್ತಿದರೆ ಚಪ್ಪಾಳೆ ಹೊಡೆಯುತ್ತಾರೆ. ಸುಮ್ಮನೆ ನಿಂತು, ಮೂಗಿನ ಮುಂದೆ ಹಾರಿದ ಚೆಂಡು ಗೆರೆಯಾಚೆ ಬೀಳುವುದನ್ನು ನೋಡಿದರೆ ಯಾರೂ ಹೊಡೆಯುವುದಿಲ್ಲ. ಆ ವಿದ್ಯೆಯೊಂದನ್ನೇ ನಂಬಿ ಈ ಕುಳ್ಳಿ ಇಷ್ಟು ವರ್ಷ ಅನ್ನ ತಿಂದದ್ದು. ಕ್ಯಾಪ್ಟನ್ ಏಣಿ ಹತ್ತಿರ ಬಂದು ಕೂತು ದನಿ ತಗ್ಗಿಸಿ, "ಅಕ್ಕಾ, ಈಗಲಾದ್ರೂ ಹೇಳಿ. ಅವರ ಸೆಟ್ಟರ್ ಬೆನ್ನ ಹಿಂದೆ ಬೆರಳು ತೋರಿಸ್ತಾಳಲ್ಲ, ಯಾವ ಬೆರಳಿಗೆ ಯಾವ ಹೊಡೆತ?" ಎಂದಳು. ವಾರದಿಂದ ಇದೇ ಪುರಾಣ. "ಬದಲಾಯಿಸಿರ್ತಾರೆ ಕಣಮ್ಮ" ಎಂದು ಗೋಲಿ ವಾರದಿಂದ ಹೇಳಿದ್ದನ್ನೇ ಹೇಳಿದಳು. ಬದಲಾಯಿಸಿಲ್ಲವೆಂದು ಅವಳಿಗೆ ಗೊತ್ತು; ಅವರ ಕೋಚ್ ಮೇಷ್ಟ್ರು ಅಂಥವನ್ನೆಲ್ಲ ಬದಲಾಯಿಸುವ ಪೈಕಿಯಲ್ಲ. ತನ್ನ ಕೈಕಾಲು ಮಾರಿದ್ದೇನೆ, ಬಾಯಿ ಮಾರಿಲ್ಲ ಎಂದು ಮನಸ್ಸಿನಲ್ಲೇ ಜಗಳವಾಡಿದಳು. ಏಣಿ ಎದ್ದು ಹೋಗುವಾಗ, "ಸರಿ ಅಕ್ಕಾ, ನಿಮ್ಮಿಷ್ಟ" ಎಂದ ರೀತಿ ಮಾತ್ರ ಚೆನ್ನಾಗಿರಲಿಲ್ಲ.

ಯಾರು ಏನು ಕೇಳಿದರೂ ಅಮ್ಮ ಬೆಳಿಗ್ಗೆ ಕೇಳಿದಷ್ಟು ಕಷ್ಟದ ಪ್ರಶ್ನೆ ಯಾರೂ ಕೇಳಲಿಲ್ಲ. ಹೋಟೆಲಿನಿಂದ ಅನುಮತಿ ಪಡೆದು ಮನೆಗೆ ಹೋದರೆ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ತಲೆಯೆತ್ತದೆ, "ನಾನು ಯಾವ ಕಡೆ ಕೂತ್ಕೊಳ್ಳಲೇ?" ಎಂದಿದ್ದಳು. ಹಳೆಯ ತಂಡದ ಅಂಗಿಗಳಿಗೆಲ್ಲ ನಂಬರು ಹೊಲಿದುಕೊಡುತ್ತಿದ್ದವಳು ಅಮ್ಮ. ಹಾಲ್‌ನಲ್ಲಿ ಅವರ ಕಡೆಯ ಮೂರನೇ ಸಾಲಿನಲ್ಲಿ ಅವಳದೊಂದು ಕುರ್ಚಿ, ಅಕ್ಕಪಕ್ಕ ಅವಳ ಗೆಳತಿಯರು. "ಎಲ್ಲಾದ್ರೂ ಕೂತ್ಕೋಮ್ಮಾ, ಅದೇನು ಮಹಾ" ಎಂದರೆ, "ಅಂಗಿ ಕಳಿಸೋದು ನಿಲ್ಸಿದಾರೆ" ಎಂದಳು. ಯಾವಾಗಿನಿಂದ? ನೀನು ಹೋದಾಗಿನಿಂದ. ಹೇಳಲೇ ಇಲ್ಲವಲ್ಲ? "ಹೇಳಿ ಏನು ಮಾಡೋದು, ಹೋಗ್ಲಿ, ಕಣ್ಣೂ ಮೊದಲಿನ ಹಾಗಿಲ್ಲ" ಎಂದು ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿದಳು. ಗೋಲಿಗೆ ರಕ್ತ ತಲೆಗೇರಿತ್ತು. ತಂಡ ಬಿಟ್ಟವಳು ನಾನು, ಹೊಲಿಗೆ ಬಿಟ್ಟವಳೇನು ನನ್ನಮ್ಮ? ಎಲಾ ಇವರ! ಅಲ್ಲೇ ಹೊರಟು ಹೋಗಿ ಸಂಸ್ಥೆಯ ಅಧ್ಯಕ್ಷರ ಮೇಜು ಗುದ್ದಿ ಕೇಳಬೇಕೆನಿಸಿತು. ಅಮ್ಮ ಮಾತ್ರ, "ಊಟ ಮಾಡ್ಕೊಂಡು ಹೋಗು. ಅಲ್ಲಿ ಏನು ಹಾಕ್ತಾರೋ ಏನೋ" ಎಂದು ಎದ್ದಿದ್ದಳು.

ಆಟಕ್ಕೆ ಮುಂಚೆ ಸನ್ಮಾನ. ಬೇಡವೆಂದರೆ ಸೊಕ್ಕು ಎನ್ನುತ್ತಾರೆ, ನಿಂತರೆ ಕೇಳಬೇಕು. ಅಧ್ಯಕ್ಷರು ಮೈಕು ಹಿಡಿದರು. ಪಕ್ಕದಲ್ಲಿ ಹೂಗುಚ್ಛ ಹಿಡಿದು ಅವಳು, ಹಳದಿ ಅಂಗಿಯಲ್ಲಿ. "ನಮ್ಮ ಗೋಲಿ! ಶಾಲೆ ಮೈದಾನದ ಮಣ್ಣಲ್ಲಿ ಉರುಳ್ತಿದ್ದವಳನ್ನ ಎತ್ಕೊಂಡು ಬಂದು ಚಿನ್ನ ಮಾಡಿದ್ದು ಈ ಸಂಸ್ಥೆ. ಏನಮ್ಮಾ, ಹೌದೋ ಅಲ್ವೋ? ಈಗಿನ ಕಾಲ ಹಂಗೆ, ಉಂಡೂ ಹೋದ ಕೊಂಡೂ ಹೋದ ಅಂತ! ತಮಾಷೆಗೆ ಹೇಳ್ದೆ, ತಮಾಷೆಗೆ." ಜನ ಹೋ ಎಂದರು. "ಎಲ್ಲೇ ಆಡ್ಲಿ, ಆ ಮೊಣಕಾಲಿದೆಯಲ್ಲ, ಅದು ನಮ್ಮದು! ಮರೀಬೇಡಮ್ಮ!" ಎಂದು ಅವಳ ಬಲಗಾಲಿನತ್ತ ಬೆರಳು ತೋರಿಸಿದರು. ಇಡೀ ಹಾಲ್ ಅವಳ ಮೊಣಕಾಲು ನೋಡಿತು. ಆ ಶಸ್ತ್ರಚಿಕಿತ್ಸೆಯ ಮಾತು ಬರದ ಸಭೆಯಿಲ್ಲ. ಯಾವ ಆಸ್ಪತ್ರೆ, ಯಾವ ಡಾಕ್ಟರು, ಅಧ್ಯಕ್ಷರ ಕಾರಿನಲ್ಲೇ ಕರೆದೊಯ್ದದ್ದು, ಎಲ್ಲ ಬರುತ್ತದೆ. ಮೊಣಕಾಲು ಮುರಿದದ್ದು ಎಲ್ಲಿ ಎಂಬುದೊಂದು ಬರುವುದಿಲ್ಲ. ಇದೇ ನೆಲದ ಮೇಲೆ, ಇವರದೇ ಅಂಗಿ ತೊಟ್ಟು. ಮಂಡಿ ಊದಿಕೊಂಡು ಗಡಿಗೆಯಾಗಿತ್ತು, ಮೇಷ್ಟ್ರು ಹೆಬ್ಬೆರಳಿಂದ ಒತ್ತಿ ನೋಡಿ, "ಒಂದೇ ಸೆಟ್ಟು ಆಡು, ಆಮೇಲೆ ನಾನೇ ಕೂರಿಸ್ತೀನಿ" ಎಂದಿದ್ದರು. ಒಂದು ಎರಡಾಯಿತು, ಎರಡು ಐದಾಯಿತು. ಕಡೆಯ ಸೆಟ್ಟಿನಲ್ಲಿ ಮಂಡಿಯೊಳಗೆ ಏನೋ ಪಟ್ಟೆಂದು ಹರಿದದ್ದು ಇವಳಿಗೆ ಕಿವಿಯಲ್ಲೇ ಕೇಳಿಸಿತ್ತು. ಮುರಿದವರೂ ಅವರೇ, ಕಟ್ಟಿಸಿದವರೂ ಅವರೇ. ಲೆಕ್ಕದಲ್ಲಿ ಮಾತ್ರ ಕಟ್ಟಿಸಿದ್ದೊಂದೇ. ಬೇಕಾದರೆ ಬಿಚ್ಚಿಟ್ಟುಕೊಳ್ಳಿ ಸ್ವಾಮಿ, ನಿಮ್ಮ ಮೊಣಕಾಲು ನಿಮಗೇ ಇರಲಿ, ಎನ್ನಬೇಕೆಂದು ನಾಲಿಗೆ ತುದಿಗೆ ಬಂತು. "ಥ್ಯಾಂಕ್ಸ್ ಸಾರ್" ಎಂದಳು. ಆ ಕಡೆಯ ಮೂರನೇ ಸಾಲಿನತ್ತ ಕಣ್ಣು ಹೋಯಿತು. ಯಾರೋ ಬಾಗಿ ಅಮ್ಮನ ಕಿವಿಯಲ್ಲಿ ಏನೋ ಅಂದರು. ಅಮ್ಮ ಎದ್ದು, ಕೈಚೀಲ ಎದೆಗವಚಿಕೊಂಡು, ಎರಡು ಗುಂಪುಗಳ ನಡುವೆ ಇಳಿಯುವ ಮೆಟ್ಟಿಲ ಮೇಲೆ ಒಬ್ಬಳೇ ಕೂತಳು.

ನಿಷ್ಠೆಯಂತೆ! ಎಡಚಿಗಿಂತ ಮುಂಚೆ ಅವಳ ಜಾಗದಲ್ಲಿ ಆಡುತ್ತಿದ್ದ ಹುಡುಗಿಯನ್ನು ಫೋನಿಗೊಂದು ಸಂದೇಶ ಕಳಿಸಿ ತೆಗೆದುಹಾಕಿದರು. ಅವಳು ಅದನ್ನು ಓದಿದ್ದು ಅಭ್ಯಾಸಕ್ಕೆ ಬರುವ ಬಸ್ಸಿನಲ್ಲಿ, ಚೀಲ ತೊಡೆಯ ಮೇಲಿತ್ತು. ಆಗ ಯಾರೂ ನಿಷ್ಠೆ ಎಂದು ಉಸಿರೆತ್ತಲಿಲ್ಲ. ಪ್ರಾಯೋಜಕರು ಬದಲಾದಾಗ ತಂಡದ ಬಣ್ಣವನ್ನೇ ಬದಲಿಸಿದರು, ಹೆಸರಿನ ಮುಂದೆ ಒಂದು ಪೇಂಟ್ ಕಂಪನಿಯ ಹೆಸರು ಸೇರಿಸಿದರು, ಅದು ವ್ಯವಹಾರ. ಪ್ರತಿ ವರ್ಷದ ಕೊನೆಗೆ ಅವಳನ್ನು ಆಫೀಸಿನ ಹೊರಗಿನ ಕುರ್ಚಿಯ ಮೇಲೆ ಕಾಯಿಸಿ, "ನೋಡೋಣಮ್ಮ, ಮಂಡಿ ಹೇಗಿದೆ?" ಎಂದು ಕೇಳಿ, ಸಂತೆಯಲ್ಲಿ ದನದ ಹಲ್ಲು ನೋಡುವಂತೆ ನೋಡಿ, ಇನ್ನೊಂದೇ ವರ್ಷಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರಲ್ಲ, ಅದೂ ವ್ಯವಹಾರ. ಮೂವತ್ತು ದಾಟಿದವಳು ಮಂಡಿಯ ಮಾತೆತ್ತದೆ ಕರೆದ ಕಡೆ ಹೋದರೆ ಅದು ದ್ರೋಹ. ಹೀಗೆಲ್ಲ ಕುದಿಯುತ್ತಿದ್ದಾಗಲೇ, ಒಳಗೆ ಯಾವುದೋ ಮೂಲೆಯಲ್ಲಿ, ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ಪ್ರತಿ ಸಂಜೆ ಬಂದು ಕಾಲು ಮಡಿಸುವುದನ್ನು, ನೀಡುವುದನ್ನು ಮಗುವಿಗೆ ಕಲಿಸುವಂತೆ ಕಲಿಸಿದ ಮೇಷ್ಟ್ರು ನೆನಪಾಗಿಬಿಡುತ್ತಾರೆ. ಅದೂ ಸುಳ್ಳಲ್ಲ. ಪೂರ್ತಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಬಿಡದ ಜನ ಇವರು ಎಂದು ಅದಕ್ಕೊಂದು ಸಿಟ್ಟು.

ಮೇಷ್ಟ್ರು ತಮ್ಮ ಬೆಂಚಿನಲ್ಲಿ, ಅದೇ ಬೂದು ಟೋಪಿ, ಕುತ್ತಿಗೆಗೆ ಅದೇ ಸೀಟಿ. ಸನ್ಮಾನದ ಹೊತ್ತಿಗೆ ಅವರು ಹತ್ತಿರ ಬರಲಿಲ್ಲ. ದೂರದಿಂದಲೇ ಗದ್ದ ಒಂದಿಷ್ಟು ಮೇಲೆತ್ತಿದರು, ಅಷ್ಟೇ. ಶಾಲೆಯ ಮೈದಾನದಲ್ಲಿ ಅವಳನ್ನು ಗೋಡೆಯತ್ತ ಮುಖ ಮಾಡಿ ನಿಲ್ಲಿಸಿ, ಹಿಂದಿನಿಂದ ಚೆಂಡೆಸೆದು, "ತಗೋ!" ಎಂದರೆ ತಿರುಗಿ ಎತ್ತಬೇಕು, "ಬಿಡು!" ಎಂದರೆ ಕೈ ಅಲುಗಬಾರದು. ನೋಡಿ ತೀರ್ಮಾನಿಸುವಷ್ಟು ಹೊತ್ತು ಇರುತ್ತಿರಲಿಲ್ಲ, ಕೇಳಿ ಮಾಡಬೇಕಿತ್ತು. "ನಿನ್ನ ಕಣ್ಣು ಸುಳ್ಳು ಹೇಳಬಹುದು, ನನ್ನ ಗಂಟಲು ಹೇಳಲ್ಲ" ಎನ್ನುತ್ತಿದ್ದರು. ಹೇಳಲಿಲ್ಲ ಕೂಡ. ಎಷ್ಟು ಹಾಲ್‌ಗಳಲ್ಲಿ, ಎಂಥೆಂಥ ಗಲಾಟೆಯಲ್ಲಿ, ಆ ಒಡಕು ಗಂಟಲು ಬಿಡು ಎಂದಾಗಲೆಲ್ಲ ಚೆಂಡು ಗೆರೆಯಾಚೆಯೇ ಬಿತ್ತು. ಕಡೆಕಡೆಗೆ ಅವಳ ಕಣ್ಣೂ ಅವರ ಗಂಟಲೂ ಒಂದೇ ಆಗಿ, ಅವರು ಕೂಗುವ ಮುಂಚೆಯೇ ಇವಳ ಕೈ ಕೆಳಗಿಳಿಯುತ್ತಿತ್ತು. ತಂಡ ಬಿಡುವ ಸುದ್ದಿ ಹೇಳಲು ಅವರ ಮನೆಗೆ ಹೋದಾಗ ಮೇಷ್ಟ್ರು ಬಯ್ಯಲಿಲ್ಲ, ತಡೆಯಲಿಲ್ಲ. "ಸರಿ, ಹೋಗು. ನಾನೇನು ಕಟ್ಟಿ ಹಾಕಿದೀನಾ?" ಎಂದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಅವರ ಹೆಂಡತಿ ತಂದಿಟ್ಟ ಕಾಫಿಯನ್ನು ಒಬ್ಬಳೇ ಕುಡಿದು ಬಂದಿದ್ದಳು.

ಆಟ ಚೆನ್ನಾಗಿಯೇ ನಡೆಯಿತು. ಮೊದಲ ಒಂದೆರಡು ಚೆಂಡು ಅಡ್ಡ ಹೋದವು, ಆಮೇಲೆ ಕೈಗೆ ಅದರ ಕೆಲಸ ನೆನಪಾಯಿತು. ಚೆಂಡು ಬಂದಾಗ ಸಿಟ್ಟಿಲ್ಲ, ಅಮ್ಮನಿಲ್ಲ, ಅಧ್ಯಕ್ಷರ ಮೈಕಿಲ್ಲ. ಎಡಚಿ ಎಡಗೈ ಎತ್ತಿದ ರೀತಿಯಲ್ಲೇ ಚೆಂಡು ಎಲ್ಲಿಗೆ ಎಂದು ತಿಳಿದು ಅಲ್ಲಿಗೆ ಹೋಗಿ ನಿಂತಿರುತ್ತಿದ್ದಳು. ಹೊಸ ತಂಡ ಎರಡು ಸೆಟ್ಟು ಗೆದ್ದು ಒಂದು ಸೋತಿತು. ನಾಲ್ಕನೆಯದರಲ್ಲಿ ಗೆಲ್ಲಲು ಇನ್ನೊಂದೇ ಒಂದು ಪಾಯಿಂಟು. ಏಣಿ ಹಿಂತಿರುಗಿ, "ಸೂಪರ್ ಅಕ್ಕಾ" ಎಂದು ಮೊದಲ ಸಲ ಮನಸಾರೆ ನಕ್ಕಳು. ಎಡಚಿ ಹಾರಿದಳು. ಚೆಂಡು ತಡೆಗಾರರ ಬೆರಳ ಮೇಲಿಂದ ಹಾಯ್ದು ಹಿಂದಿನ ಮೂಲೆಗೆ ಬಂತು. ಗೋಲಿ ಬಾಗಿದಳು, ಕೈ ಜೋಡಿಸಿದಳು. ಆಗ ಆ ಒಡಕು ಗಂಟಲು, "ಗೋಲೀ, ಬಿಡು!"

ಕೈ ಕೆಳಗಿಳಿಯಿತು. ಅವಳು ಇಳಿಸಲಿಲ್ಲ, ಇಳಿಯಿತು. ಚೆಂಡು ಅವಳ ಬಲಪಾದದ ಪಕ್ಕ, ಗೆರೆಯಿಂದ ಒಂದು ಗೇಣು ಒಳಗೆ ಬಿದ್ದು ಪುಟಿಯಿತು. ಗೆರೆ ಕಾಯುವವನ ಬಾವುಟ ನೆಲ ತೋರಿಸಿತು. ಇಡೀ ಹಾಲ್ ಕಿರುಚಿತು, ಅವಳಿಗೆ ಮಾತ್ರ ಒಂದು ಕ್ಷಣ ಏನೂ ಕೇಳಿಸಲಿಲ್ಲ. ಬೆಂಚಿನತ್ತ ನೋಡಿದಳು. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. "ಏನಾಯ್ತೇ ನಿಂಗೆ?" ಎಂದಳು ಏಣಿ. ಅಕ್ಕ ಹೋಗಿತ್ತು, ನೀವು ಹೋಗಿತ್ತು. ಆಮೇಲೆ ಯಾರ ಕೈಯೂ ಏಳಲಿಲ್ಲ, ಸೆಟ್ಟು ಹೋಯಿತು.

ಹೊಸ ತಂಡದ ಕೋಚ್ ಮೇಡಂ ಒಳ್ಳೆಯವರು, ದನಿಯೇರಿಸುವವರಲ್ಲ. "ನಿಮ್ಮ ಕಾಲ ಹತ್ರಾನೇ ಬಿತ್ತು. ನೋಡ್ಲಿಲ್ವಾ?" ಎಂದರು. "ನೋಡ್ದೆ ಮೇಡಂ. ಮೇಷ್ಟ್ರು ಬಿಡು ಅಂದ್ರು." "ಯಾವ ಮೇಷ್ಟ್ರು?" "ಅವರ... ನಮ್ಮ ಹಳೇ..." "ಅವರ ಕೋಚ್ ಬಿಡು ಅಂದ್ರೆ ನೀವು ಬಿಡೋದಾ?" ಮೇಡಂ ವ್ಯಂಗ್ಯಕ್ಕೆ ಕೇಳಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದರು. ಸುತ್ತ ನಿಂತಿದ್ದ ಹುಡುಗಿಯರು ನೀರಿನ ಬಾಟಲಿ ಬಾಯಿಗಿಟ್ಟುಕೊಂಡೇ ಅವಳನ್ನು ನೋಡಿದರು. "ನಮಗ್ಯಾರಿಗೂ ಕೇಳಿಸ್ಲಿಲ್ಲಪ್ಪ" ಎಂದಳು ಏಣಿ. "ವಾರದಿಂದ ಕೇಳ್ತಿದೀನಿ, ಒಂದು ಬೆರಳಿನ ಗುಟ್ಟು ಹೇಳ್ಲಿಲ್ಲ ಇವಳು. ಈಗ ಗೆಲ್ಲೋ ಪಾಯಿಂಟಲ್ಲಿ ಕೈ ಕೆಳಗೆ. ಇನ್ನೇನು ಹೇಳ್ಬೇಕು ಮೇಡಂ, ಬಾಯಿ ಬಿಟ್ಟು?" ಈ ಆಟದಲ್ಲಿ ಎಂಥ ತಪ್ಪಿಗೂ ಕ್ಷಮೆಯುಂಟು, ಪಾಯಿಂಟು ಮಾರಿಕೊಂಡವಳು ಎಂಬ ಮಾತಿಗಿಲ್ಲ. ಅದೊಮ್ಮೆ ಮೈಗೆ ಅಂಟಿತೆಂದರೆ ಯಾವ ತಂಡವೂ ಹಿಂದಿನ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಬೆನ್ನ ಹಿಂದೆ ನಿಲ್ಲುವವಳ ಮೇಲೆ ನಂಬಿಕೆಯಿಲ್ಲದೆ ಯಾರು ತಾನೇ ಮುಂದೆ ಆಡುತ್ತಾರೆ? ಹೇಳಿದ್ದು ನಿಜ, ಆದರೆ ಆ ನಿಜ ಸುಳ್ಳಿಗಿಂತ ಕೆಟ್ಟದಾಗಿ ಕೇಳಿಸಿತು. ಎಡವಿದೆ, ಮಂಡಿ ಹಿಡಿಯಿತು, ದೀಪದ ಬೆಳಕು ಕಣ್ಣಿಗೆ ಹೊಡೆಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಕಡೆಯ ಸೆಟ್ಟಿಗೆ ಎರಡನೆಯ ಲಿಬೆರೊ ಹುಡುಗಿಯನ್ನು ಇಳಿಸುವುದೆಂದಾಯಿತು. ಅಂಕಣ ಬದಲಿಸಲು ಎರಡೂ ತಂಡಗಳು ನೆಟ್ಟಿನ ಕಂಬದ ಹತ್ತಿರ ಎದುರುಬದುರಾದಾಗ ಗೋಲಿ ಎಡಚಿಯ ತೋಳು ಹಿಡಿದಳು. "ನಿಂಗೆ ಕೇಳಿಸ್ತು ಅಲ್ವಾ? ನೀನೊಬ್ಬಳು ಬಂದು ಹೇಳೇ. ನಾನು ಹೇಳಿದ್ರೆ ನಂಬ್ತಿಲ್ಲ." ಎಡಚಿ ಶೂ ದಾರ ನೋಡಿದಳು. "ಗಲಾಟೆ ಕಣೇ... ನಂಗೇನೂ ಸರಿಯಾಗಿ..." ತೋಳು ಮೆಲ್ಲಗೆ ಬಿಡಿಸಿಕೊಂಡು ಹೋದಳು. ಅವಳಿಗೂ ಇನ್ನೊಂದು ವರ್ಷದ ಸಹಿ ಬೇಕು, ಅಲ್ಲವೇ? ಹಿಂದೆಯೇ ಮೇಷ್ಟ್ರು ಬಂದರು. "ಇದೇನು ಮಾಡಿದ್ರಿ ಮೇಷ್ಟ್ರೇ?" ಎಂದಾಗ ಗೋಲಿಯ ದನಿ ಅವಳಿಗೇ ಮಗುವಿನದರಂತೆ ಕೇಳಿಸಿ ನಾಚಿಕೆಯಾಯಿತು. ಮೇಷ್ಟ್ರು ನಗುತ್ತಿದ್ದರು. ಮೋಸ ಮಾಡಿದವನ ನಗುವಲ್ಲ. ಕಳೆದುಹೋದದ್ದು ಸಿಕ್ಕಿದವನ ನಗು. ಅದೇ ಸಹಿಸಲಾಗಲಿಲ್ಲ. "ನಾನು ಕೂಗಿದ್ದು ಸರಿ, ನೀನ್ಯಾಕೆ ಕೇಳಿದೆ?" ಎಂದು ಅವಳ ತಲೆ ಸವರಲು ಕೈ ಚಾಚಿ, ಸುತ್ತಲಿನವರಿಗೆಲ್ಲ ಕೇಳುವಂತೆ, "ನೋಡಿದ್ರಾ? ಅಂಗಿ ಬದಲಾಯಿಸಿದ್ರೆ ಆಗೋಯ್ತಾ? ಎಲ್ಲಿಗೆ ಹೋದ್ರೂ ಇವಳು ನಮ್ಮವಳೇ!" ಎಂದರು. ಏಣಿ ಎರಡು ಹೆಜ್ಜೆ ಆಚೆ ನಿಂತಿದ್ದಳು. ಕೇಳಿಸಿಕೊಂಡಳು. ತಲೆಯಾಡಿಸಿದಳು, ಅಷ್ಟು ಸಾಕಾಗಿತ್ತು.

ಬೆಂಚಿನ ತುದಿಯಲ್ಲಿ ಕೂತಳು. ಪಕ್ಕದವಳು ತನ್ನ ಟವೆಲನ್ನು ಸ್ವಲ್ಪ ಸರಿಸಿಕೊಂಡಳು. ನಮ್ಮವಳಂತೆ! ನಮ್ಮವಳಾಗಿದ್ದರೆ ಬೆನ್ನಿಗೆ ಚೂರಿ ಹಾಕುತ್ತಾರೆಯೇ? ಇವಳೊಳಗೆ ಇನ್ನೂ ಅವರದೆಂದು ಉಳಿದಿದ್ದದ್ದು ಯಾವುದು? ಮೊಣಕಾಲಲ್ಲ, ಚಿನ್ನವಲ್ಲ, ಆ ದನಿಯ ಮೇಲಿನ ನಂಬಿಕೆ ಒಂದೇ. ಸಹಿ ಹಾಕಿ ಕೊಟ್ಟದ್ದಲ್ಲ, ಯಾರೂ ಕೇಳಿ ಪಡೆದದ್ದಲ್ಲ. ಮೈಯೊಳಗೆ ತಾನಾಗಿ ಬೆಳೆದದ್ದು. ಇವಳಿಗೇ ಗೊತ್ತಿಲ್ಲದೆ ಅವರಿಗೆಂದು ಕಾಯ್ದಿಟ್ಟಿದ್ದ ಆ ಒಂದನ್ನೇ ಮೇಷ್ಟ್ರು ಒಂದು ಪಾಯಿಂಟಿಗೆ ಮಾರಿಕೊಂಡರು. ಮಾರಿಕೊಂಡವರು ಅವರು, ಹೆಸರು ಇವಳಿಗೆ! ಥೂ! ಅಳು ಬರುವಂತಾಗಿ, ಅಳುವುದನ್ನೂ ಯಾವ ತಂಡದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೋ ಎಂದು ಹಲ್ಲು ಕಚ್ಚಿದಳು. ಅಂಕಣದಲ್ಲಿ ಎರಡನೆಯ ಲಿಬೆರೊ ಪಾಪ ಒದ್ದಾಡುತ್ತಿದ್ದಳು. ಎಡಚಿ ಅವಳನ್ನೇ ಹುಡುಕಿ ಹುಡುಕಿ ಹೊಡೆಯುತ್ತಿದ್ದಳು. ಅಂತರ ಹೆಚ್ಚುತ್ತ ಹೋದಾಗ ಕೋಚ್ ಮೇಡಂ ಗೋಲಿಯ ಮುಂದೆ ಬಂದು ನಿಂತರು. "ಹೋಗಿ. ಬಂದದ್ದನ್ನೆಲ್ಲ ತಗೊಳ್ಳಿ. ಯೋಚನೆ ಮಾಡೋಕೆ ಹೋಗ್ಬೇಡಿ, ಒಂದನ್ನೂ ಬಿಡ್ಬೇಡಿ." ಅಡುಗೆಯವಳಿಗೆ ಉಪ್ಪಿನ ಡಬ್ಬಿ ಮುಟ್ಟಬೇಡ ಎಂದ ಹಾಗಿತ್ತು ಆ ಮಾತು. ತಲೆಯಾಡಿಸಿ ಹೋದಳು.

ಹೋದವಳು ಆಡಿದ ಆಟ, ಅಂಥದನ್ನು ಅವಳು ತನ್ನ ಇಪ್ಪತ್ತರ ಹರೆಯದಲ್ಲೂ ಆಡಿರಲಿಲ್ಲ. ಸಿಟ್ಟಿಗೆ ಕೈಕಾಲು ಬಂದರೆ ಹೇಗಿರುತ್ತದೋ ಹಾಗೆ ಬಿದ್ದಳು, ಎದ್ದಳು, ಉರುಳಿದಳು. ಅಂತರ ಕರಗಿತು, ಸಮವಾಯಿತು, ಒಂದು ಪಾಯಿಂಟು ಮುಂದಾಯಿತು. ಮತ್ತೆ ಅದೇ ಜಾಗ. ಇನ್ನೊಂದು ಬಂದರೆ ಪಂದ್ಯ ಇವರದು. ಏಣಿ ಹಿಂತಿರುಗಿ ನೋಡಿದಳು. ನಗಲಿಲ್ಲ, ಎರಡು ಬೆರಳಿಂದ ತನ್ನ ಕಣ್ಣು ಮುಟ್ಟಿ ಅವಳತ್ತ ತೋರಿಸಿದಳು, ನಿನ್ನನ್ನೇ ನೋಡುತ್ತಿದ್ದೇನೆ ಎಂಬಂತೆ. ಎಡಚಿ ಹಾರಿದಳು. ಚೆಂಡು ಅವಳ ಕೈಬಿಟ್ಟ ಕ್ಷಣದಲ್ಲೇ ಗೋಲಿಗೆ ಗೊತ್ತಾಯಿತು: ಹೊರಗೆ. ಮಣಿಕಟ್ಟು ಮಡಚಲಿಲ್ಲ, ಚೆಂಡು ಮೇಲೆಯೇ ತೇಲುತ್ತಿದೆ, ಗೆರೆಯಿಂದ ಒಂದು ಮೊಳ ಆಚೆ ಬೀಳುತ್ತದೆ. ಸಂದೇಹವೇ ಇರಲಿಲ್ಲ. ಸುಮ್ಮನೆ ನಿಂತರೆ ಗೆದ್ದ ಹಾಗೆ. ಕೈ ಆಗಲೇ ಇಳಿಯತೊಡಗಿತ್ತು. ಅಷ್ಟರಲ್ಲಿ ಆ ಗಂಟಲು ಮತ್ತೆ, ಈ ಸಲ ಇಡೀ ಹಾಲ್‌ಗೆ ಕೇಳುವಂತೆ, "ಬಿಡು!"

ಏಣಿಯ ಮುಖ ತಿರುಗಿತು. ಬೆಂಚಿನ ಹುಡುಗಿಯರ ಮುಖಗಳೆಲ್ಲ ತಿರುಗಿದವು. ಈಗ ಬಿಟ್ಟರೆ, ಮತ್ತೆ ಆ ಮುದುಕನ ಮಾತು ಕೇಳಿದಳು ಎಂದಾಗುತ್ತದೆ. ಗೆದ್ದರೂ ಅವನ ಮಾತು ಕೇಳಿಯೇ ಗೆದ್ದದ್ದು. ಅಕಸ್ಮಾತ್ ಗೆರೆ ಮುಟ್ಟಿತೋ, ಆಮೇಲೆ ಮನೆಗೆ ಹೋಗುವ ದಾರಿಯೂ ಉಳಿಯುವುದಿಲ್ಲ. ಮುಟ್ಟುವುದಿಲ್ಲ, ನನಗೆ ಗೊತ್ತು, ಮುಟ್ಟುವುದಿಲ್ಲ! ಹಾಗೆಂದುಕೊಳ್ಳುತ್ತಿದ್ದಂತೆಯೇ ಅವಳು ಹಿಂದಕ್ಕೆ ಹಾರಿದ್ದಳು, ಮೈ ಪೂರ್ತಿ ಗೆರೆಯಾಚೆ ಹಾಸಿ, ನೆಲಕ್ಕೆ ಎದೆ ಬಡಿದು, ಚೆಂಡಿನ ಕೆಳಗೆ ಅಂಗೈ ತೂರಿಸಿದ್ದಳು. ಚೆಂಡು ಎದ್ದಿತು. ಹಾಲ್ ಹುಚ್ಚೆದ್ದಿತು. ಅಡ್ಡಾದಿಡ್ಡಿ ಎದ್ದ ಚೆಂಡನ್ನು ಯಾರೋ ಹೇಗೋ ಎತ್ತಿಕೊಟ್ಟರು, ಏಣಿ ಎಟುಕಿಸಿಕೊಂಡು ಹೊಡೆದಳು, ಎದುರಿನ ಎರಡು ಜೊತೆ ಕೈಗಳಿಗೆ ಬಡಿದು ಈ ಕಡೆಯೇ ಬಿತ್ತು. ಸಮ. ಗೋಲಿ ಇನ್ನೂ ಏಳುತ್ತಿದ್ದಳು. ಆಮೇಲೆ ಎರಡು ಪಾಯಿಂಟು ಬೇಗನೆ ಹೋದವು, ಪಂದ್ಯ ಮುಗಿಯಿತು.

ಸೋತವರು ಬೈಯುತ್ತಾರೆಂದು ಅವಳು ಕಾದಳು. ಏಣಿ ಓಡಿ ಬಂದು ತಬ್ಬಿಕೊಂಡಳು, ಉದ್ದನೆಯ ತೋಳುಗಳಲ್ಲಿ ಅವಳನ್ನು ನೆಲದಿಂದ ಎತ್ತಿಯೇಬಿಟ್ಟಳು. "ಹೋದ್ರೆ ಹೋಗ್ಲಿ ಅಕ್ಕಾ ಮ್ಯಾಚು! ಆ ಮುದುಕ ಅಷ್ಟು ಜೋರಾಗಿ ಕೂಗಿದ್ರೂ ಕೇಳ್ಲಿಲ್ಲವಲ್ಲ ನೀವು, ಅದು ಸಾಕು. ನಾನೇನೋ ಅಂದ್ಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡಿ." ಅಕ್ಕ ವಾಪಸು ಬಂದಿತ್ತು, ನೀವು ವಾಪಸು ಬಂದಿತ್ತು. ಹುಡುಗಿಯರೆಲ್ಲ ಬೆನ್ನು ತಟ್ಟಿದರು, ಕೋಚ್ ಮೇಡಂ ಕೂಡ ಕಣ್ಣಲ್ಲಿ ನೀರು ತಂದುಕೊಂಡು, "ಇದು ಕಣ್ರೇ ಆಡೋ ರೀತಿ" ಎಂದರು. "ಆ ಬಾಲ್ ಔಟ್ ಇತ್ತು" ಎಂದಳು ಗೋಲಿ. "ಇರ್ಲಿ ಬಿಡಿ ಅಕ್ಕಾ." "ಔಟ್ ಇತ್ತು ಕಣೇ, ಬಿಟ್ಟಿದ್ರೆ ಗೆಲ್ತಿದ್ವಿ." "ಅಯ್ಯೋ, ಅದ್ಯಾರಿಗೆ ಗೊತ್ತು, ಯಾರು ನೋಡಿದಾರೆ?" ಎಂದು ಏಣಿ ಪ್ರೀತಿಯಿಂದ ಅವಳ ಕೂದಲು ಕೆದರಿದಳು. ಮೊದಲ ಸಲ ಇವಳು ಬೇಕೆಂದು ಮಾಡಿರಲಿಲ್ಲ, ಮಾರಿಕೊಂಡಳು ಎಂದರು. ಎರಡನೆಯ ಸಲ ಗೊತ್ತಿದ್ದೂ ಗೊತ್ತಿದ್ದೂ ಕೈಯಾರೆ ಪಂದ್ಯ ಕಳೆದಳು, ಎತ್ತಿಕೊಂಡು ಮುದ್ದಾಡುತ್ತಿದ್ದಾರೆ.

ಕೈ ಕುಲುಕಲು ಎರಡೂ ತಂಡಗಳು ನೆಟ್ಟಿನ ಹತ್ತಿರ ಸಾಲಾದವು. ಗೆದ್ದ ತಂಡದ ಸಾಲಿನ ಕೊನೆಯಲ್ಲಿ ಮೇಷ್ಟ್ರು. ಅವರ ಮುಖದಲ್ಲಿ ಗೆಲುವಿನ ಗುರುತೇ ಇರಲಿಲ್ಲ, ಸಿಟ್ಟಿನಿಂದ ಕೆಂಪಾಗಿತ್ತು. ನೆಟ್ಟಿನ ಕೆಳಗಿಂದಲೇ ಬಗ್ಗಿ ಇವಳತ್ತ ಬಂದು, ಶಾಲೆಯ ಮೈದಾನದಲ್ಲಿ ಗದರುತ್ತಿದ್ದ ಹಾಗೆಯೇ ಗದರಿದರು. "ಏನೇ ಅದು? ಮೊಳ ಆಚೆ ಬೀಳೋ ಬಾಲು! ಕಣ್ಣಿಗೇನಾಗಿತ್ತು ನಿಂಗೆ? ಅದನ್ನ ಹೋಗಿ ಎತ್ತುತಾರೇನೇ ಯಾರಾದ್ರೂ? ನನ್ನ ಕೈಲಿ ಕಲಿತವಳು ಔಟ್ ಬಾಲ್ ಮುಟ್ತಾಳಾ? ತಡೀಲಾರದೆ ನಾನೇ ಬಾಯ್ಬಿಟ್ಟು ಬಿಡು ಅಂದ್ನಲ್ಲೇ!"

ಅವಳು ಅವರನ್ನೇ ನೋಡಿದಳು. ಹಿಂದೆ ಏಣಿ, "ಬನ್ನಿ ಅಕ್ಕಾ, ಫೋಟೋ" ಎಂದು ಕರೆಯುತ್ತಿದ್ದಳು.

"ನೀವು ಹೇಳಿದ್ರಿ ಅಂತಾನೇ ಮುಟ್ಟಿದೆ, ಮೇಷ್ಟ್ರೇ" ಎಂದಳು.

ಮೇಷ್ಟ್ರು ಗಂಟಲ ಮೇಲೆ ಕೈಯಿಟ್ಟುಕೊಂಡು ನಿಂತರು. ಅವಳು ಅವರ ಕೈ ಕುಲುಕಲಿಲ್ಲ.